ಡಯಾಲಿಸಿಸ್ ಫಿಲ್ಟರ್ ಎಷ್ಟನೇ ಸಲದ್ದು ಅಂತ ನಮಗೂ ಹೇಳಿ

ಸಂಪಾದಕರೇ, ನಮಸ್ಕಾರ.

ನಮ್ಮಮ್ಮಂಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಬೆಳಗ್ಗೆ ಆರಕ್ಕೆಲ್ಲಾ ವಿಜಯನಗರದಿಂದ ಆಟೋ ಹಿಡೀಬೇಕು, ನಾಲ್ಕು ಗಂಟೆ ಅವರು ಒಳಗೆ ಮಲಗಿರ್ತಾರೆ, ನಾನು ಹೊರಗೆ ನಿಮ್ಮ ಪೇಪರ್ ಓದ್ತಾ ಕೂತಿರ್ತೀನಿ.

ಮಷೀನ್ ಪಕ್ಕ ಒಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿರ್ತಾರಲ್ಲ, ಡಯಲೈಸರ್ ಅಂತ, ರಕ್ತ ಕ್ಲೀನ್ ಆಗೋದೆಲ್ಲಾ ಅದರಲ್ಲೇ. ಒಳಗೆ ಸುಮಾರು 10,000 ಎಳೆ ಇರುತ್ತೆ, ನೋಡೋಕೆ ಶಾವಿಗೆ ಕಟ್ಟು ಇದ್ದಂಗೆ, ಆದ್ರೆ ಒಂದೊಂದೂ ಟೊಳ್ಳು, ತೂತು ಅಂದ್ರೆ ಮಿಲಿಮೀಟರ್‌ನಲ್ಲಿ ಐದನೇ ಒಂದು ಭಾಗ ಅಷ್ಟೇ. ಎಳೆ ಒಳಗೆ ರಕ್ತ ಹೋಗುತ್ತೆ, ಹೊರಗಡೆ ಡಯಾಲಿಸೇಟ್ ಅನ್ನೋ ದ್ರಾವಣ ಎದುರು ದಿಕ್ಕಿಂದ ಹರಿಯುತ್ತೆ, ರಕ್ತದಲ್ಲಿರೋ ಯೂರಿಯಾ ಕ್ರಿಯೇಟಿನಿನ್ ಥರದ ಕಸ ಎಲ್ಲಾ ಎಳೆ ಗೋಡೆ ದಾಟಿ ಆಚೆ ಹೋಗುತ್ತೆ, ರಕ್ತಕಣ ದೊಡ್ಡದು, ದಾಟಲ್ಲ. ನಮ್ಮನೆ ಅಡುಗೆಮನೆ ಕುಡಿಯೋ ನೀರಿನ ಯುಎಫ್ ಫಿಲ್ಟರಲ್ಲೂ ಇಂಥದ್ದೇ ಟೊಳ್ಳು ಎಳೆ ಇರೋದು, ಅದಕ್ಕಾದ್ರೆ ಸರ್ವೀಸ್ ಹುಡುಗ ಡೇಟ್ ಬರೆದು ಸ್ಟಿಕ್ಕರ್ ಅಂಟಿಸಿ ಹೋಗ್ತಾನೆ!

ಅಮ್ಮ ಹೋಗೋ ಸೆಂಟರಲ್ಲಿ ಡಯಲೈಸರ್ ತೊಳೆದು ಅದೇ ಪೇಶೆಂಟ್‌ಗೆ ಮತ್ತೆ ಹಾಕ್ತಾರೆ, ಪ್ರತಿ ಸಲ ಹೊಸದು ಅಂದ್ರೆ ನಮ್ಮಂಥವರ ಕೈಲಾಗಲ್ಲ, ನನ್ನ ತಕರಾರು ಅದಲ್ಲ. ಪ್ರತಿ ಸಲ ಒಂದಷ್ಟು ಎಳೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತೆ, ಅದಕ್ಕೇ ತೊಳೆದ್ಮೇಲೆ ಎಳೆಗಳೊಳಗೆ ಎಷ್ಟು ನೀರು ಹಿಡಿಯುತ್ತೆ ಅಂತ ಅಳೀಬೇಕು, ಹೊಸದರಲ್ಲಿ 100 ಎಂಎಲ್ ಇದ್ದದ್ದು 80ಕ್ಕಿಂತ ಇಳೀತು ಅಂದ್ರೆ ಎಸೀಬೇಕು. ಸ್ಟೆರಿಲೈಸ್ ಮಾಡಿದ ಕೆಮಿಕಲ್ ಪೂರ್ತಿ ಹೋಗಿದ್ಯಾ ಅಂತಾನೂ ಟೆಸ್ಟ್ ಮಾಡ್ಬೇಕು, ಉಳಿದಿದ್ರೆ ನೇರ ರಕ್ತಕ್ಕೇ ತಾನೇ ಹೋಗೋದು.

ಹೋದ ತಿಂಗಳು ಅಮ್ಮನ ಡಯಲೈಸರ್ ಒಳಗೆ ಕಂದು ಗೆರೆ ಗೆರೆ ಕಾಣ್ತಿತ್ತು. ಎಷ್ಟನೇ ಸಲದ್ದಪ್ಪಾ ಇದು ಅಂತ ಕೇಳಿದ್ರೆ ಟೆಕ್ನೀಷಿಯನ್ ಹುಡುಗ "ಅದೆಲ್ಲಾ ರಿಜಿಸ್ಟರಲ್ಲಿದೆ ಅಂಕಲ್, ನಿಮಗ್ಯಾಕೆ ಟೆನ್ಶನ್" ಅಂದ. ಲೇಬಲ್ ಮೇಲೆ ಹೆಸರೇನೋ ಇತ್ತು, ನಂಬರ್ ಬರೆದಿದ್ದ ಜಾಗದಲ್ಲಿ ನೀರು ಬಿದ್ದು ಇಂಕ್ ಎಲ್ಲಾ ಕಲಸಿಹೋಗಿತ್ತು. ರಿಜಿಸ್ಟರ್ ತೋರಿಸಿ ಅಂದೆ, ಇನ್‌ಚಾರ್ಜ್ ಬಂದಿಲ್ಲ ಅಂದ್ರು. ಹುಡುಗನ್ನ ಬೈಯೋಕೂ ಮನಸ್ಸು ಬರಲ್ಲ, ಒಬ್ಬನೇ ಆರು ಬೆಡ್ ನೋಡ್ಕೋತಾನೆ.

ಆರೋಗ್ಯ ಇಲಾಖೆಯವರು ಇಷ್ಟು ಮಾಡ್ಲಿ, ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ, ಪೈಪ್ ಜೋಡಿಸೋಕೆ ಮುಂಚೆ ಹೆಸರು, ಎಷ್ಟನೇ ಸಲ, ಎಷ್ಟು ಎಂಎಲ್ ಬಂತು, ಈ ಮೂರನ್ನೂ ಪೇಶೆಂಟ್‌ಗೆ ತೋರಿಸಿ ಸೈನ್ ಹಾಕಿಸ್ಕೊಳ್ಳೋದನ್ನ ಎಲ್ಲಾ ಸೆಂಟರ್‌ಗೂ ಕಡ್ಡಾಯ ಮಾಡ್ಲಿ. ಒಂದು ನಿಮಿಷದ ಕೆಲಸ. ನಮ್ಮಮ್ಮ ಏಳನೇ ಕ್ಲಾಸ್ ಓದಿದ್ದಾರೆ, ಕನ್ನಡಕ ನಾನು ತಂದಿರ್ತೀನಿ.

ಇಂತಿ,
ಒಬ್ಬ ಓದುಗ, ವಿಜಯನಗರ, ಬೆಂಗಳೂರು