ನಿನ್ನ ತಮ್ಮನನ್ನು ಒಮ್ಮೆ ಕೇಳು

ಮೈಸೂರು

ಪ್ರಿಯ ಗೆಳೆಯಾ,

ತಮ್ಮನನ್ನು ರಾತ್ರೋರಾತ್ರಿ ಕಾರಿಗೆ ಹತ್ತಿಸಿ ಕುಡಿತ ಬಿಡಿಸುವ ಕೇಂದ್ರವೊಂದಕ್ಕೆ ಒಪ್ಪಿಸಿಬರಲು ಮನೆಯವರೆಲ್ಲ ತೀರ್ಮಾನಿಸಿದ್ದೀರಿ ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಹೆಸರುಗಳಿಲ್ಲದೆ ಹಂಚಿಕೊಳ್ಳಲು ನೀನು ಒಪ್ಪಿದ್ದರಿಂದ, ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಯುಗಾದಿಗೆ ಮಂಡ್ಯದ ನಿಮ್ಮ ಮನೆಗೆ ಬಂದಿದ್ದೆನಲ್ಲ, ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಅವನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ಕಾಫಿ ತುಳುಕಿ ಪಂಚೆಯ ಮೇಲೆ ಚೆಲ್ಲಿತು. ಪಕ್ಕದಲ್ಲೇ ಕುಳಿತಿದ್ದ ನಿಮ್ಮ ಅಜ್ಜಿ ಚೀಲ ಬಿಚ್ಚಿ, ವೀಳ್ಯದೆಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆಯ ಜೊತೆಗೆ ಚಿಟಿಕೆ ತಂಬಾಕಿನ ಕಡ್ಡಿಪುಡಿ ಸೇರಿಸಿ ದವಡೆಗಿಟ್ಟುಕೊಂಡರು. ಕಡ್ಡಿಪುಡಿ ತೀರಿದ ದಿನ ಅವರು ಮನೆಮಂದಿಯ ಮೇಲೆಲ್ಲ ಸಿಡುಕುತ್ತಾರೆಂದು ನೀನೇ ಹೇಳಿದ್ದರೂ ಅವರನ್ನು ಯಾರೂ ವ್ಯಸನಿ ಎನ್ನುವುದಿಲ್ಲ. ಬಲ್ಲವರ ಮಾತೂ ಕಾಲಕ್ಕೆ ತಕ್ಕಂತೆ ಬದಲಾಗಿದೆ: ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 1964ರಲ್ಲಿ ತಂಬಾಕು ಸೇವನೆಯನ್ನು ಅಭ್ಯಾಸವೆಂದಷ್ಟೇ ಕರೆದಿತ್ತು, 1988ರಲ್ಲಿ ಅದು ವ್ಯಸನವೇ ಎಂದು ಸಾರಿತು.

ವ್ಯಸನವೆಂಬುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಆ ಕೈನಡುಕವನ್ನು ನಾನೂ ಕಂಡಿದ್ದೇನೆ. ಆದರೆ ವ್ಯಸನಿ ಎಂದು ಹೆಸರಿಟ್ಟ ಮಾತ್ರಕ್ಕೆ ಅವನ ಮೈಯ ಮೇಲಿನ ಹಕ್ಕು ನಮ್ಮ ಕೈಗೆ ಬಂದುಬಿಡುತ್ತದೆಯೇ? 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ, ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಅದೇ ಕಾಯ್ದೆ, ಒಬ್ಬನು ತನ್ನ ಚಿಕಿತ್ಸೆಯ ಬಗ್ಗೆ ಮಾಡಿದ ತೀರ್ಮಾನ ಇತರರಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಅವನಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲ ಎನ್ನಲಾಗದು ಎಂದೂ ಹೇಳುತ್ತದೆ. ಆ ಸಾಮರ್ಥ್ಯ ಕುಂದಿ, ಅವನಿಂದ ಅವನಿಗೋ ಇತರರಿಗೋ ಅಪಾಯವಿದ್ದಾಗ ದಾಖಲಿಸಲು ಅವಕಾಶವಿದೆ, ಅದಕ್ಕೂ ಮನೋವೈದ್ಯರು ಪರೀಕ್ಷಿಸಬೇಕು. ಮನೆಯವರ ಬೇಸರವೊಂದೇ ಸಾಲದು.

ಅವನ ಹೆಂಡತಿಯ ಕಷ್ಟವನ್ನು ಮರೆತು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಕಬ್ಬಿನ ದುಡ್ಡು ಆಕೆಯ ಕೈಗೇ ಸೇರುವಂತೆ ಮಾಡು. ಅವನು ಆಕೆಯ ಮೇಲೆ ಕೈಮಾಡಿದರೆ ನಾನೇ ಬಂದು ತಡೆಯುತ್ತೇನೆ, ಅಲ್ಲಿ ಅವನ ಸ್ವಾತಂತ್ರ್ಯದ ಮಾತೇ ಇಲ್ಲ.

ಇನ್ನೊಂದು ಮಾತನ್ನು ಅವಸರದಲ್ಲಿ ಮರೆಯಬೇಡ: ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಕುಡಿತ ನಿಲ್ಲಿಸಬೇಡಿ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಹಾಗೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಅದನ್ನು ವೈದ್ಯರ ಕಣ್ಣೆದುರೇ ಮಾಡಬೇಕು.

ಅಂದು ಚೆಲ್ಲಿದ ಕಾಫಿಯನ್ನು ಒರೆಸಿಕೊಳ್ಳುತ್ತ ಅವನು ನನ್ನೊಡನೆ, "ಬುಡ್ಬೇಕು ಅಂತ ನಂಗೂ ಅನ್ಸ್ತದೆ ಕಣಣ್ಣ, ನನ್ನನ್ನ ಕೇಳ್ದೋರು ಯಾರು?" ಎಂದಿದ್ದ. ಭಾನುವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಕಾರು ಹೇಳಬೇಡ.

ನಿನ್ನ
ಗೆಳೆಯ