ಡಾಕ್ಟರ ಕಳ್ಳ ಹೆಸರು

ನಮಸ್ಕಾರ. ವಾರ್ಸಾದ ನಮ್ಮ ಕನ್ನಡಿಗರ ಪತ್ರಿಕೆಯ ಸಂಚಿಕೆ ನಾಳೆ ಬೆಳಗ್ಗೆ ಹೋಗಲೇಬೇಕು, ಈಗ ರಾತ್ರಿ ಹನ್ನೊಂದೂವರೆ, ಸಿಂಕಿನಲ್ಲಿ ಪಾತ್ರೆ ಹಾಗೇ ಬಿದ್ದಿದೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ಪಿಯಾನೋ ಕ್ಲಾಸಿನಿಂದ ಬಂದ ಮಗಳು, "ಅಮ್ಮಾ, ಕೊಮೆದಾ ಡಾಕ್ಟರಂತೆ! ಮತ್ತೆ ನನಗ್ಯಾಕೆ ಓದು ಮೊದಲು ಅಂತೀಯ?" ಅಂದಳು. ಉತ್ತರ ಹೊಳೆಯಲಿಲ್ಲ.

ಕೊಮೆದಾ ಪೋಲೆಂಡಿನ ಜಾಝ್ ಪಿಯಾನಿಸ್ಟ್. 1931ರಲ್ಲಿ ಪೊಜ್ನಾನ್‌ನಲ್ಲಿ ಹುಟ್ಟಿದ್ದು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕಾಲು ಕುಂಟು. ಓದಿದ್ದು ಮೆಡಿಕಲ್, ಕೆಲಸ ಕಿವಿ-ಮೂಗು-ಗಂಟಲಿನ ಡಾಕ್ಟರದು. ಆಗ ಇಲ್ಲಿನ ಸರ್ಕಾರಕ್ಕೆ ಜಾಝ್ ಅಂದರೆ ಅಮೆರಿಕದ ಪಿಡುಗು, ಹುಡುಗರು ಮನೆಗಳಲ್ಲಿ ಕದ್ದುಮುಚ್ಚಿ ನುಡಿಸುತ್ತಿದ್ದರು. ಕ್ಲಿನಿಕ್ಕಿನವರಿಗೆ ಗೊತ್ತಾಗಬಾರದು ಅಂತ ಕ್ಷಿಷ್ಟೋಫ್ ಟ್ಶಿನ್‌ಸ್ಕಿ ಅನ್ನೋ ಡಾಕ್ಟರು ವೇದಿಕೆ ಮೇಲೆ ಕೊಮೆದಾ ಆದರು. 1956ರ ಸೊಪೊಟ್ ಜಾಝ್ ಉತ್ಸವದಲ್ಲಿ ಜನ ಆ ಹೆಸರನ್ನು ಹಿಡಿದುಕೊಂಡರು, ಸ್ವಲ್ಪ ಸಮಯಕ್ಕೆ ಡಾಕ್ಟರಿಕೆಯೂ ಹೋಯಿತು. 1965ರ ಡಿಸೆಂಬರಿನಲ್ಲಿ ನಮ್ಮ ವಾರ್ಸಾದಲ್ಲೇ ರೆಕಾರ್ಡ್ ಮಾಡಿದ 'ಆಸ್ಟಿಗ್ಮ್ಯಾಟಿಕ್' ಆಲ್ಬಂ ಕೇಳಿ. ಮೊದಲ ಕೃತಿಯೇ 20 ನಿಮಿಷ ಮೀರುತ್ತದೆ. ತೊಮಾಶ್ ಸ್ತಾಂಕೊ ಟ್ರಂಪೆಟ್ ಊದುವಾಗ ಪಿಯಾನೋ ಹಿಂದೆ ನಿಲ್ಲುತ್ತದೆ. ತಾನೇ ಲೀಡರ್ ಆಗಿದ್ದೂ ಅಷ್ಟು ಜಾಗ ಬಿಡೋದು ಎಲ್ಲರಿಗೂ ಬರುವುದಿಲ್ಲ, ಅಲ್ವಾ? ಆಮೇಲೆ ನಿರ್ದೇಶಕ ಪೊಲಾನ್‌ಸ್ಕಿಯ ಸಿನಿಮಾಗೆ ಅಂತ ಹಾಲಿವುಡ್, 'ರೋಸ್‌ಮೇರೀಸ್ ಬೇಬಿ'ಯ ಲಾಲಿ. ಅಲ್ಲೇ ತಲೆಗೆ ಪೆಟ್ಟಾಗಿ ಕೋಮಾಕ್ಕೆ ಹೋದರು. ಊರಿಗೆ ಕರೆತಂದರೂ ಉಳಿಯಲಿಲ್ಲ. 1969ರ ಏಪ್ರಿಲ್ 23, ಇನ್ನು ನಾಲ್ಕು ದಿನ ಇದ್ದಿದ್ದರೆ 38 ತುಂಬುತ್ತಿತ್ತು.

ಇದನ್ನೆಲ್ಲ ಮಗಳಿಗೆ ಹೇಳುವಾಗ ನನಗೆ ತುಮಕೂರಿನ ಚಿಕ್ಕಪ್ಪ ನೆನಪಾದರು. ಬ್ಯಾಂಕಿನಲ್ಲಿ ಕ್ಯಾಷಿಯರ್, ಗಣಪತಿ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ತಾತನಿಗೆ ಈ ಹುಚ್ಚು ಕಂಡರಾಗದು. ಅದಕ್ಕೆ ಮೈಕಿನಲ್ಲಿ "ಕೀಬೋರ್ಡಿನಲ್ಲಿ ಪ್ರಕಾಶ್!" ಅಂತ ಕೂಗಿಸುತ್ತಿದ್ದರು, ನಮ್ಮ ಮನೆಯಲ್ಲಿ ಪ್ರಕಾಶ್ ಅನ್ನೋರೇ ಇರಲಿಲ್ಲ. ಒಂದು ರಾತ್ರಿ ಮಳೆ ಬಂದು ಪೆಂಡಾಲ್ ಸೋರಿತು. ನೋಡಿದರೆ ಮುಂದಿನ ಸಾಲಿನಲ್ಲಿ ಛತ್ರಿ ಬಿಚ್ಚಿಕೊಂಡು ತಾತ! ಮನೆಗೆ ಬಂದ ಮೇಲೆ ಬೈಯಲಿಲ್ಲ. ಬೆಳಗ್ಗೆ ಕಾಫಿ ಕುಡೀತಾ, "ಆ ಪ್ರಕಾಶ ಪರವಾಗಿಲ್ಲ ಕಣೋ, ಆದ್ರೆ ಎರಡನೇ ಹಾಡಲ್ಲಿ ತಾಳ ತಪ್ಪಿದ" ಅಂದರು ಅಷ್ಟೆ.

ಸರಿ, ಸೂಚನೆಗಳು. ನವೆಂಬರ್ 1 ಇಲ್ಲಿ ಸಮಾಧಿಗಳಿಗೆ ದೀಪ ಹಚ್ಚುವ ದಿನ, ಹಾಲ್ ಸಿಗಲ್ಲ, ಹಾಗಾಗಿ ರಾಜ್ಯೋತ್ಸವ ಅದರ ಮುಂದಿನ ಶನಿವಾರ ಮಧ್ಯಾಹ್ನ 3ಕ್ಕೆ. ನವೆಂಬರ್ 1ರಂದು ಪೊವೊಂಸ್ಕಿ ಮಿಲಿಟರಿ ಸ್ಮಶಾನದ ಕಡೆ ಹೋದರೆ ಕೊಮೆದಾಗೂ ಒಂದು ದೀಪ ಹಚ್ಚಿ, ಗೇಟಿನ ಹೊರಗೇ ಗಾಜಿನ ದೀಪ, ಸೇವಂತಿಗೆ ಕುಂಡ ಮಾರುತ್ತಾರೆ. ಬಿಸಿಬೇಳೆಬಾತಿಗೆ ತಲೆ ಲೆಕ್ಕ ಬೇಗ ಕೊಡಿ, ಸುಮ್ನೆ "ಬರಬಹುದು" ಅನ್ನಬೇಡಿ. ಭಾನುವಾರದ ಕನ್ನಡ ತರಗತಿ ಇನ್ನು 11ಕ್ಕೆ.

ಸಂಗೀತಕ್ಕೆ ಇನ್ನೂ ಜನ ಸಾಲದು. ತಬಲಾ, ಗಿಟಾರ್, ಹಾರ್ಮೋನಿಯಂ ಯಾರ ಮನೆಯಲ್ಲಿ ಧೂಳು ತಿನ್ನುತ್ತಿದೆ ಅಂತ ನನಗೆ ಗೊತ್ತು. ಆಫೀಸಿನವರು ನೋಡ್ತಾರೆ ಅಂದರೆ ಬೇರೆ ಹೆಸರಲ್ಲೇ ಕೂಗಿಸುತ್ತೇನೆ. ಹಾಗೇ, ಜನವರಿಯಿಂದ ಈ ಪತ್ರಿಕೆಯ ಪುಟ ಜೋಡಿಸೋಕೆ ಯಾರಾದರೂ ಬಂದರೆ ಪುಣ್ಯ ಬರುತ್ತೆ, ಒಬ್ಬಳ ಕೈಲಿ ಆಗ್ತಿಲ್ಲ.