ಹುಳುವಿನ ಹಸಿವು ನೋಡಿ ಬಡಿಸು

ಪ್ರೀತಿಯ ಪುಟ್ಟಿ,

ಯಲಹಂಕದ ಫ್ಲ್ಯಾಟ್‌ನಲ್ಲಿ ಅಡುಗೆಮನೆ ಕಸ ಗೊಬ್ಬರ ಮಾಡಲು ಎರೆಹುಳು ಸಾಕುತ್ತೇನೆ ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಫೋನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು 2014ರಲ್ಲಿ. ಬೆಂಗಳೂರಿನ ಕಸ ನಮ್ಮೂರಿಗೆ ಬೇಡ ಅಂತ ಮಂಡೂರಿನವರು ಪ್ರತಿಭಟನೆಗೆ ಕೂತ ವರ್ಷ ಅದು. ನಮ್ಮನೆ ಸಿಪ್ಪೆ ಇನ್ನೊಬ್ಬರ ಊರಲ್ಲಿ ಕೊಳೆಯುತ್ತಿದೆ ಎಂದು ತಿಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಮೊದಲ ಹುಳುಗಳನ್ನು ನಾನೇ ಕೊಂದೆ, ಪುಟ್ಟಿ. ಯುಗಾದಿ ಮರುದಿನ ಮಿಕ್ಕ ಚಿತ್ರಾನ್ನ, ಮಾವಿನಕಾಯಿ ಸಿಪ್ಪೆ, ಕೋಸಂಬರಿ ಎಲ್ಲಾ ಒಟ್ಟಿಗೆ ಹುಳುವಿನ ಡಬ್ಬಿಗೆ ಸುರಿದುಬಿಟ್ಟೆ. ಅಷ್ಟೊಂದು ಒಂದೇ ಕಡೆ ಬಿದ್ದರೆ ಒಳಗೇ ಬಿಸಿ ಏಳುತ್ತದೆ, ಹುಳಿಯುತ್ತದೆ. ಉಪ್ಪು, ಎಣ್ಣೆ ಬೇರೆ. ಹುಳು ಉಸಿರಾಡುವುದು ಚರ್ಮದಿಂದ, ಅವು ಮೈಗೆ ತಾಗಿದರೆ ಉಸಿರು ಕಟ್ಟುತ್ತದೆ. ಮೂರನೇ ದಿನ ಮುಚ್ಚಳ ತೆಗೆದರೆ ಕೆಟ್ಟ ವಾಸನೆ, ಬದುಕಿದ್ದ ನಾಲ್ಕಾರು ಹುಳು ಗೋಡೆ ಹತ್ತುತ್ತಿದ್ದವು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಕಾಲು ಕೆಜಿ ಹುಳು ಚೆನ್ನಾಗಿ ಹೊಂದಿಕೊಂಡ ಮೇಲೂ ದಿನಕ್ಕೆ ತಿನ್ನುವುದು ಹೆಚ್ಚೆಂದರೆ 125 ಗ್ರಾಂ. ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ಒಂದು ಹಿಡಿ ಸಾಕು. ಹಿಂದಿನದು ಕರಗಿದೆಯಾ ನೋಡು, ಇಲ್ಲದಿದ್ದರೆ ಹಾಕಲೇಬೇಡ. ತರಕಾರಿ ಸಿಪ್ಪೆ ಸಣ್ಣಗೆ ಹೆಚ್ಚಿ, ಮೂಲೆಯಲ್ಲಿ ಹೂತು, ಮೇಲೆ ಒಣ ಎಲೆ ಮುಚ್ಚು. ಹಾಗೆ ಮುಚ್ಚಿದರೆ ಹಣ್ಣಿನ ನೊಣವೂ ಕಡಿಮೆ. ಕಾಫಿ ಚರಟ, ಬಾಳೆಹಣ್ಣಿನ ಸಿಪ್ಪೆ ಅವಕ್ಕೆ ಇಷ್ಟ. ನಿಂಬೆ, ಈರುಳ್ಳಿ, ಬೆಳ್ಳುಳ್ಳಿ, ಮೊಸರು, ಒಗ್ಗರಣೆ ಹಾಕಿದ್ದು ಬೇಡ.

ಡಬ್ಬಿ ಒಂದು ಅಡಿ ಆಳವಿದ್ದರೆ ಸಾಕು, ಅಗಲ ಜಾಸ್ತಿ ಇರಲಿ. ಈ ಹುಳು ಮೇಲ್ಪದರದಲ್ಲೇ ಬದುಕುತ್ತವೆ, ಅಲ್ವಾ. ಗಾಳಿಗೆ ಬದಿಗಳಲ್ಲಿ, ನೀರು ಇಳಿಯಲು ತಳದಲ್ಲಿ ತೂತು ಮಾಡು, ಕೆಳಗೊಂದು ತಟ್ಟೆ ಇಡು. ಹುಳುಗಳ ಹಾಸಿಗೆಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಹರಿದ ನ್ಯೂಸ್‌ಪೇಪರ್. ಕೋಕೋಪೀಟನ್ನು ಎರಡು ಮೂರು ಸಲ ತೊಳೆ, ಅದರಲ್ಲಿ ಉಪ್ಪಿರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಅಲ್ಲ. ಸಗಣಿ ಸಿಕ್ಕರೆ ಹಳೆಯದೇ ಹಾಕು, ಹಸಿ ಸಗಣಿ ಸುಡುತ್ತದೆ.

ಬಾಲ್ಕನಿಯಲ್ಲಿ ಮಾತ್ರ ಇಡಬೇಡ. ಏಪ್ರಿಲ್ ಬಿಸಿಲನ್ನು ಅವು ತಡೆಯುವುದಿಲ್ಲ. ಸಿಂಕ್ ಕೆಳಗಿನ ಕತ್ತಲೆ ಒಳ್ಳೆಯದು. ಇರುವೆ ಬಂದರೆ ಡಬ್ಬಿಯನ್ನು ಇಟ್ಟಿಗೆ ಮೇಲಿಟ್ಟು, ಇಟ್ಟಿಗೆಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸು.

ಮೂರು ತಿಂಗಳಾದ ಮೇಲೆ ಗೊಬ್ಬರವನ್ನು ಬೆಳಕಲ್ಲಿ ಗುಡ್ಡೆ ಮಾಡು. ಹುಳು ತಾವಾಗಿಯೇ ತಳಕ್ಕೆ ಇಳಿಯುತ್ತವೆ, ಮೇಲಿನಿಂದ ಬಾಚಿಕೋ.

ಹುಳು ಕೊಳ್ಳಬೇಡ. ತೋಟದ ಮಣ್ಣಿನದೂ ತರಬೇಡ, ಅವು ಆಳಕ್ಕೆ ಕೊರೆಯುವ ಜಾತಿ, ಡಬ್ಬಿಯಲ್ಲಿ ಬಾಳುವುದಿಲ್ಲ. ನನ್ನ ಹತ್ತಿರ ಕೆಂಪು ಹುಳು ಬೇಕಾದಷ್ಟಿವೆ. ಇವತ್ತೇ ಹಾಸಿಗೆ ನೆನೆಸಿಟ್ಟು, ಮುಂದಿನ ಭಾನುವಾರ ಬಸವನಗುಡಿಗೆ ಬಾ. ಮುಚ್ಚಳವಿರುವ ಹಳೇ ಡಬ್ಬ ಒಂದು ತಾ, ಮುಚ್ಚಳಕ್ಕೆ ನಾಲ್ಕು ತೂತು ಹೊಡೆದು.

ನಿನ್ನ
ದೊಡ್ಡಮ್ಮ